ಚಂದ್ರನ ಕುಳಿಗಳನ್ನು ಓದಿದ ಶೂಮೇಕರ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಚಿಕೆ ಸಮಿತಿಯವರು ಕೇಳಿದಾಗ, ನಾನು ಹಳೆಯ ನೆನಪುಗಳನ್ನೇ ಬರೆಯುತ್ತೇನೆ ಎಂದು ಅವರು ಎಣಿಸಿರಬೇಕು. ತಗಡಿನ ಮಾಡಿನ ಎರಡು ಕೋಣೆಗಳಲ್ಲಿ ಶಾಲೆ ಆರಂಭವಾದದ್ದು, ಜೋರು ಮಳೆ ಬಂದರೆ ಪಾಠ ಕೇಳಿಸದೆ ಮಕ್ಕಳನ್ನು ಸುಮ್ಮನೆ ಕೂರಿಸುತ್ತಿದ್ದದ್ದು, ಊರವರು ಚಕ್ಕಡಿಯಲ್ಲಿ ಕಲ್ಲು ಹೇರಿ ತಂದು ಕಟ್ಟಡಕ್ಕೆ ಕೊಟ್ಟದ್ದು ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆ. ನಾನು ಇಲ್ಲಿ ವಿಜ್ಞಾನ ಕಲಿಸಿದವನು. ಆದ್ದರಿಂದ ಒಬ್ಬ ವಿಜ್ಞಾನಿಯ ಜೀವನವನ್ನು ಬರೆಯುತ್ತೇನೆ. ಅವರು ಅಮೆರಿಕದ ಭೂವಿಜ್ಞಾನಿ ಯೂಜೀನ್ ಶೂಮೇಕರ್. ಅವರು ತೀರಿಕೊಂಡು ಕಾಲು ಶತಮಾನ ಮೀರಿತು. ನಮ್ಮೂರಿನ ಹೆಸರನ್ನೂ ಅವರು ಕೇಳಿರಲಾರರು. ಆದರೆ ಇದೇ ಶಾಲೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ನನಗೆ ತೋರಿಸಿಕೊಟ್ಟದ್ದು ಅವರ ಕೆಲಸವೇ.

ಮೊದಲು ಆ ತಪ್ಪನ್ನು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಎಂಟನೆಯ ತರಗತಿಗೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಚಂದ್ರನ ಮೇಲಿನ ಕುಳಿಗಳು ಹೇಗೆ ಉಂಟಾದವು ಎಂಬುದು ಅದರಲ್ಲಿ ಒಂದು ಅಂಕದ ಪ್ರಶ್ನೆ. ಅವು ಆರಿಹೋದ ಜ್ವಾಲಾಮುಖಿಗಳ ಬಾಯಿಗಳು ಎಂದು ನಾನು ವಿದ್ಯಾರ್ಥಿಯಾಗಿದ್ದಾಗ ಕಲಿತಿದ್ದೆ, ಅದನ್ನೇ ಕಲಿಸಿದ್ದೆ. ಎಲ್ಲರೂ ಅದನ್ನೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಆಕಾಶದಿಂದ ಕಲ್ಲುಗಳು ಬಿದ್ದು ಆದ ತಗ್ಗುಗಳು ಎಂದು ಬರೆದಿದ್ದಳು. ಅವಳನ್ನು ಮೇಜಿನ ಬಳಿಗೆ ಕರೆದು ಕೇಳಿದೆ. ಓರೆಯಾಗಿ ಬಿದ್ದ ಕಲ್ಲು ಮಣ್ಣನ್ನು ಉದ್ದಕ್ಕೆ ಕೆರೆದುಕೊಂಡು ಹೋಗುತ್ತದೆ, ತಗ್ಗು ಉದ್ದವಾಗುತ್ತದೆ. ಆಕಾಶದಿಂದ ಬರುವ ಕಲ್ಲುಗಳೆಲ್ಲ ನೆಟ್ಟಗೆ ಬೀಳುವುದಿಲ್ಲವಲ್ಲ, ಹಾಗಿದ್ದರೆ ಚಂದ್ರನ ಕುಳಿಗಳೆಲ್ಲ ಬಳೆಯಂತೆ ದುಂಡಗೆ ಇರುವುದು ಹೇಗೆ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ನಿಂತಳು. ನಾನು ಆ ಒಂದು ಅಂಕ ಕೊಡಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದೆ ಎಂದು ಒಳಗೊಳಗೇ ಹಿಗ್ಗಿದ್ದೆ ಕೂಡ.

ಪ್ರಶ್ನೆಯೇನೋ ಒಳ್ಳೆಯದೇ ಆಗಿತ್ತು. ದೊಡ್ಡ ದೊಡ್ಡ ವಿಜ್ಞಾನಿಗಳು ಅದೇ ಪ್ರಶ್ನೆಯ ಮುಂದೆ ದಶಕಗಟ್ಟಲೆ ನಿಂತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಆದರೆ ಉತ್ತರ ಆ ಹುಡುಗಿಯದೇ ಸರಿಯಾಗಿತ್ತು. ಅದನ್ನು ಯಾರೂ ಅಲ್ಲಗಳೆಯಲಾಗದಂತೆ ಕಲ್ಲಿನಲ್ಲೇ ತೋರಿಸಿದವರು ಶೂಮೇಕರ್.

ಯೂಜೀನ್ ಶೂಮೇಕರ್ ಹುಟ್ಟಿದ್ದು 1928ರ ಏಪ್ರಿಲ್ 28ರಂದು, ಲಾಸ್ ಏಂಜಲೀಸ್ ನಗರದಲ್ಲಿ. ಆಪ್ತರು ಅವರನ್ನು ಜೀನ್ ಎಂದು ಕರೆಯುತ್ತಿದ್ದರು. ತಾಯಿ ಶಾಲಾ ಶಿಕ್ಷಕಿ. ಬಾಲ್ಯದ ಕೆಲವು ವರ್ಷಗಳನ್ನು ಅವರು ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಲ್ಲಿ ಕಳೆದರು. ಅಲ್ಲಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಮಕ್ಕಳಿಗಾಗಿ ತರಗತಿಗಳು ನಡೆಯುತ್ತಿದ್ದವು. ಈ ಹುಡುಗ ಅಲ್ಲಿ ಕಲ್ಲು ಮತ್ತು ಖನಿಜಗಳ ಪರಿಚಯ ಮಾಡಿಕೊಂಡು, ಹೋದಲ್ಲಿ ಬಂದಲ್ಲಿ ಕಲ್ಲು ಆರಿಸಿ ಜೇಬು ತುಂಬಿಸಿಕೊಳ್ಳತೊಡಗಿದ. ನಮ್ಮ ಶಾಲೆಯಲ್ಲೂ ಅಂಥ ಹುಡುಗರನ್ನು ಕಂಡಿದ್ದೇನೆ. ಜೇಬು ಹರಿಯುತ್ತದೆಂದು ಅವರನ್ನು ಗದರಿಸಿದ್ದೂ ಉಂಟು.

ಓದಿನಲ್ಲಿ ಆತ ಬಹಳ ಚುರುಕು. ಪ್ರೌಢಶಾಲೆಯನ್ನು ಮೂರೇ ವರ್ಷಗಳಲ್ಲಿ ಮುಗಿಸಿ, 16ನೆಯ ವಯಸ್ಸಿಗೆ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಗೆ ಸೇರಿದರು. 1947ರಲ್ಲಿ, 19ರ ಹರೆಯದಲ್ಲಿ, ಪದವಿ ಪಡೆದರು. ಮರುವರ್ಷ ಸ್ನಾತಕೋತ್ತರ ಪದವಿಯೂ ಆಯಿತು. ಆಮೇಲೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿ ಕೆಲಸ. ಕೊಲರಾಡೊ ಮತ್ತು ಯೂಟಾ ರಾಜ್ಯಗಳ ಬೆಟ್ಟಗುಡ್ಡಗಳಲ್ಲಿ ಯುರೇನಿಯಂ ಅದಿರು ಹುಡುಕುವುದು ಅವರಿಗೆ ವಹಿಸಿದ ಹೊಣೆ.

ಅಲ್ಲಿ ಕೆಲಸ ಮಾಡುತ್ತಿದ್ದಾಗ ರಾಕೆಟ್ ಪ್ರಯೋಗಗಳ ಸುದ್ದಿಯನ್ನು ಅವರು ಓದಿದರು. ಮನುಷ್ಯ ಚಂದ್ರನಿಗೆ ಹೋಗುವ ಕಾಲ ತನ್ನ ಜೀವಮಾನದಲ್ಲೇ ಬರುತ್ತದೆ ಎಂದು ಅವರಿಗೆ ಅನ್ನಿಸಿತು. ಚಂದ್ರ ಎಂದರೆ ಬರೀ ಕಲ್ಲುಮಣ್ಣು. ಅಲ್ಲಿಗೆ ಹೋಗಿ ಕಲ್ಲನ್ನು ಓದಬಲ್ಲವನು ಭೂವಿಜ್ಞಾನಿಯಲ್ಲದೆ ಇನ್ನಾರು? ಹಾಗಾದರೆ ಹೋಗುವವನು ತಾನೇ ಏಕಾಗಬಾರದು? ಇದು 1948ರ ಮಾತು. ಆಗ ಅವರಿಗೆ 20 ವರ್ಷ. ಮೊದಲ ಸ್ಪುಟ್ನಿಕ್ ಹಾರಲು ಇನ್ನೂ 9 ವರ್ಷಗಳಿದ್ದವು. ಇಂಥ ಮಾತನ್ನು ಬಾಯಿ ಬಿಟ್ಟು ಹೇಳಿದರೆ ಜನ ನಗುವ ಕಾಲ ಅದು. ಶೂಮೇಕರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಅದಕ್ಕೆ ಬೇಕಾದ ಸಿದ್ಧತೆಯನ್ನು ಮಾತ್ರ ನಿಲ್ಲಿಸದೆ ನಡೆಸಿದರು.

1951ರಲ್ಲಿ ಅವರು ಕ್ಯಾರೊಲಿನ್ ಅವರನ್ನು ಮದುವೆಯಾದರು. ಕ್ಯಾರೊಲಿನ್ ಕೆಲಕಾಲ ಶಾಲೆಯಲ್ಲಿ ಪಾಠ ಮಾಡಿದವರು. ದಂಪತಿಗಳಿಗೆ ಮೂವರು ಮಕ್ಕಳು. ಬೇಸಿಗೆ ಬಂದರೆ ಡೇರೆ ಕಟ್ಟಿಕೊಂಡು ಸಂಸಾರವೇ ಕಲ್ಲು ಹುಡುಕಲು ಹೊರಡುತ್ತಿತ್ತು.

ಚಂದ್ರನಿಗೆ ಹೋಗಬೇಕೆಂದಿದ್ದವರು ಚಂದ್ರನ ಕುಳಿಗಳ ಗುಟ್ಟನ್ನು ತಿಳಿಯಲೇಬೇಕಲ್ಲ. ಅದರ ಬಾಗಿಲು ಅರಿಜೋನಾ ರಾಜ್ಯದ ಬಯಲಿನಲ್ಲಿತ್ತು. ಅಲ್ಲಿ ಸುಮಾರು 1.2 ಕಿ.ಮೀ. ಅಗಲದ, 170 ಮೀಟರ್ ಆಳದ ಒಂದು ದೊಡ್ಡ ಕುಳಿಯಿದೆ. ಸುತ್ತಲಿನ ನೆಲದಲ್ಲಿ ಕಬ್ಬಿಣದ ಉಲ್ಕಾಶಿಲೆಯ ಚೂರುಗಳು ಸಿಗುತ್ತಿದ್ದವು. ಶೂಮೇಕರ್ ಹೋಗುವ ಮೊದಲು ಆ ಕುಳಿಯ ಬಳಿಗೆ ಹೋದ ಇಬ್ಬರ ಕಥೆಯನ್ನು ಇಲ್ಲಿ ಹೇಳಬೇಕು.

ಮೊದಲನೆಯವರು ಗ್ರೋವ್ ಕಾರ್ಲ್ ಗಿಲ್ಬರ್ಟ್. ಅಮೆರಿಕದ ಅಂದಿನ ಹೆಸರಾಂತ ಭೂವಿಜ್ಞಾನಿ. 1891ರಲ್ಲಿ ಅವರು ಆ ಕುಳಿಯನ್ನು ಪರೀಕ್ಷಿಸಿದರು. ದೊಡ್ಡ ಕಬ್ಬಿಣದ ಉಲ್ಕೆ ಬಿದ್ದು ಹೂತಿದ್ದರೆ ದಿಕ್ಸೂಚಿಯ ಮುಳ್ಳು ಅಲ್ಲಿ ಹೊರಳಬೇಕು ಎಂದು ಲೆಕ್ಕ ಹಾಕಿದರು. ಮುಳ್ಳು ಹೊರಳಲಿಲ್ಲ. ಅಂಚಿನಲ್ಲಿ ಬಿದ್ದಿರುವ ಮಣ್ಣುಕಲ್ಲನ್ನೆಲ್ಲ ಮತ್ತೆ ಕುಳಿಗೆ ತುಂಬಿದರೆ, ಒಳಗೆ ಹೂತ ಉಲ್ಕೆಯಷ್ಟು ಮಿಗಬೇಕು ಎಂದು ಇನ್ನೊಂದು ಲೆಕ್ಕ. ಅದೂ ಮಿಗಲಿಲ್ಲ. ನೆಲದೊಳಗಿನ ಉಗಿ ಸಿಡಿದು ಆದ ಕುಳಿ ಇದು ಎಂದು ಅವರು ತೀರ್ಮಾನಿಸಿದರು. ವಿಚಿತ್ರವೆಂದರೆ, ಮರುವರ್ಷ ಅವರೇ 18 ರಾತ್ರಿ ದೂರದರ್ಶಕದ ಮುಂದೆ ಕುಳಿತು ಚಂದ್ರನನ್ನು ನೋಡಿ, ಅಲ್ಲಿನ ಕುಳಿಗಳು ಮಾತ್ರ ಹೊಡೆತದಿಂದಲೇ ಆದವು ಎಂದು ಸರಿಯಾಗಿ ಊಹಿಸಿದರು. ಆದರೆ ಎಲ್ಲ ಕುಳಿಗಳೂ ದುಂಡಗೆ ಏಕೆ ಎಂಬ ಪ್ರಶ್ನೆ ಅವರನ್ನೂ ಕಾಡಿತು. ಅದಕ್ಕೆ ಅವರು ಕೊಟ್ಟ ವಿವರಣೆ ನಿಲ್ಲಲಿಲ್ಲ.

ಎರಡನೆಯವರು ಗಣಿ ಎಂಜಿನಿಯರ್ ಡೇನಿಯಲ್ ಬ್ಯಾರಿಂಜರ್. ಇದು ಉಲ್ಕೆ ಬಿದ್ದು ಆದ ಕುಳಿಯೇ, ಲಕ್ಷಾಂತರ ಟನ್ ಕಬ್ಬಿಣ ಕೆಳಗೆ ಹೂತಿದೆ ಎಂದು ನಂಬಿ 1903ರಲ್ಲಿ ಅವರು ಆ ಜಾಗವನ್ನು ಪಡೆದುಕೊಂಡರು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಬಾವಿ ಕೊರೆಸಿದರು, ಆಸ್ತಿ ಕರಗಿಸಿದರು. ಕಬ್ಬಿಣದ ರಾಶಿ ಸಿಗಲಿಲ್ಲ. ಅಷ್ಟು ದೊಡ್ಡ ಉಲ್ಕೆ ಬಿದ್ದಿರಲು ಸಾಧ್ಯವೇ ಇಲ್ಲ ಎಂಬ ಲೆಕ್ಕ 1929ರಲ್ಲಿ ಹೊರಬಂತು. ಅದೇ ವರ್ಷದ ಕೊನೆಗೆ ಬ್ಯಾರಿಂಜರ್ ಹೃದಯಾಘಾತದಿಂದ ತೀರಿಕೊಂಡರು. ಒಬ್ಬರು ಎಚ್ಚರಿಕೆಯಿಂದ ಅಳೆದು ತಪ್ಪು ಉತ್ತರಕ್ಕೆ ಬಂದರು. ಇನ್ನೊಬ್ಬರು ಸರಿಯಾದ ಉತ್ತರವನ್ನು ಹಿಡಿದುಕೊಂಡೇ ಸೋತರು. ಇಬ್ಬರೂ ಎಡವಿದ್ದು ಒಂದೇ ಜಾಗದಲ್ಲಿ. ದೊಡ್ಡ ಕುಳಿಯಾಗಬೇಕಾದರೆ ದೊಡ್ಡ ಕಲ್ಲೇ ಬೀಳಬೇಕು, ಬಿದ್ದ ಕಲ್ಲು ಅಲ್ಲೇ ಇರಬೇಕು ಎಂದುಕೊಂಡದ್ದು ಇಬ್ಬರ ತಪ್ಪು.

ಈ ಗಂಟನ್ನು ಬಿಡಿಸಿದ ಲೆಕ್ಕ ಬಹಳ ಸರಳ. ನಮ್ಮ ಪ್ರೌಢಶಾಲೆಯ ಪಾಠದಲ್ಲೇ ಅದಿದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ವೇಗ ಹತ್ತು ಪಟ್ಟಾದರೆ ಶಕ್ತಿ ನೂರು ಪಟ್ಟು. ಬಂದೂಕಿನ ಗುಂಡಿನ ವೇಗ ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಬಾಹ್ಯಾಕಾಶದಿಂದ ಭೂಮಿಗೆ ಬರುವ ಕಲ್ಲಿನ ವೇಗ ಸೆಕೆಂಡಿಗೆ 11 ಕಿ.ಮೀ.ಗೂ ಮೇಲೆ. ಸೆಕೆಂಡಿಗೆ 3 ಕಿ.ಮೀ. ವೇಗ ಮುಟ್ಟಿದ ಕಲ್ಲಿನಲ್ಲೇ ಅದರ ತೂಕದಷ್ಟೇ ಟಿಎನ್‌ಟಿ ಸಿಡಿಮದ್ದಿನ ಶಕ್ತಿ ಇರುತ್ತದೆ. ವೇಗ ಅದರ ನಾಲ್ಕು ಪಟ್ಟಾದರೆ ಶಕ್ತಿ ಹದಿನಾರು ಪಟ್ಟು. ಆದ್ದರಿಂದ ಆಕಾಶದ ಕಲ್ಲು ನೆಲಕ್ಕೆ ತಾಗುವುದೆಂದರೆ ಕಲ್ಲು ಬಿದ್ದಂತೆ ಅಲ್ಲ, ನೆಲದಲ್ಲಿ ಹೂತಿಟ್ಟ ಮದ್ದು ಸಿಡಿದಂತೆ. ಮದ್ದು ಸಿಡಿದಾಗ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಕಲ್ಲು ಯಾವ ಓರೆಯಲ್ಲಿ ಬಂದಿತ್ತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ, ಕುಳಿ ದುಂಡಗೇ ಆಗುತ್ತದೆ. ನೆಲವನ್ನು ಸವರಿದಂತೆ ತೀರಾ ಓರೆಯಾಗಿ ಬಂದರೆ ಮಾತ್ರ ಉದ್ದ ಕುಳಿ. ಇದನ್ನು ಮೊದಲೇ ಹೇಳಿದವರಲ್ಲಿ ಒಬ್ಬರು ನ್ಯೂಜಿಲೆಂಡಿನ ಗಿಫರ್ಡ್, 1924ರಲ್ಲಿ. ಅವರು ಒಂದು ಪ್ರೌಢಶಾಲೆಯ ಶಿಕ್ಷಕರಾಗಿದ್ದರು ಎಂದು ತಿಳಿದಾಗ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

ಆದರೆ ಲೆಕ್ಕ ಬೇರೆ, ಪುರಾವೆ ಬೇರೆ. ಲೆಕ್ಕ ಬಂದ ಮೇಲೂ ಚಂದ್ರನ ಕುಳಿಗಳು ಜ್ವಾಲಾಮುಖಿಗಳೇ ಎನ್ನುವವರು ಅನೇಕರಿದ್ದರು. ಪುರಾವೆಯನ್ನು ನೆಲದಿಂದ ಎತ್ತಿ ತಂದವರು ಶೂಮೇಕರ್.

ಅವರಿಗೆ ಜ್ವಾಲಾಮುಖಿಗಳ ಪರಿಚಯ ಚೆನ್ನಾಗಿತ್ತು. ಅರಿಜೋನಾದ ಹಳೆಯ ಜ್ವಾಲಾಮುಖಿ ಬಾಯಿಗಳಲ್ಲಿ ಅವರು ಓಡಾಡಿ ಕೆಲಸ ಮಾಡಿದ್ದರು. ಇನ್ನೊಂದು ಅನುಭವವೂ ಅವರಿಗೆ ದೊರೆಯಿತು. ನೆವಾಡಾದ ಮರುಭೂಮಿಯಲ್ಲಿ 1951 ಮತ್ತು 1955ರಲ್ಲಿ ನೆಲದಡಿ ಹೂತು ಸಿಡಿಸಿದ ಎರಡು ಅಣುಬಾಂಬುಗಳು ಕುಳಿಗಳನ್ನು ಮಾಡಿದ್ದವು. ಆ ಕುಳಿಗಳನ್ನೂ ಅವರು ಅಳೆದು ನೋಡಿದರು. ಆಮೇಲೆ ಬ್ಯಾರಿಂಜರ್ ಕುಳಿಗೆ ಹೋಗಿ, ಅದರ ಅಂಚಿನ ಸುತ್ತ ನಡೆದು, ಪದರ ಪದರವಾಗಿ ನಕ್ಷೆ ಬರೆದರು.

ಅಲ್ಲಿನ ಬಯಲಿನಲ್ಲಿ ಮೇಲಿನಿಂದ ಕೆಳಗೆ ಮೂರು ಪದರಗಳಿವೆ. ಮೇಲೆ ಕೆಂಪು ಕಲ್ಲು, ಅದರಡಿ ಸುಣ್ಣಕಲ್ಲು, ಅದರಡಿ ಬಿಳಿ ಮರಳುಗಲ್ಲು. ಆದರೆ ಕುಳಿಯ ಅಂಚಿನಲ್ಲಿ ಈ ಕ್ರಮ ಬುಡಮೇಲಾಗಿದೆ. ಕೆಂಪು ಕಲ್ಲಿನ ಮೇಲೆ ಇನ್ನೊಂದು ಕೆಂಪು ಪದರ ಮಗುಚಿ ಬಿದ್ದಿದೆ, ಅದರ ಮೇಲೆ ಸುಣ್ಣಕಲ್ಲು, ಅದರ ಮೇಲೆ ಮರಳುಗಲ್ಲು. ಹಂಚಿನ ಮೇಲಿನ ರೊಟ್ಟಿಯ ಅಂಚನ್ನು ಹಿಡಿದು ಹೊರಗೆ ಮಡಿಸಿದರೆ ಹೇಗೋ ಹಾಗೆ. ನೆವಾಡಾದ ಬಾಂಬ್ ಕುಳಿಯ ಅಂಚಿನಲ್ಲೂ ಪದರಗಳು ಹೀಗೆಯೇ ಮಗುಚಿದ್ದವು. ಎರಡೂ ಕುಳಿಗಳ ನಕ್ಷೆಯನ್ನು ಅಕ್ಕಪಕ್ಕ ಇಟ್ಟಾಗ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡವು. ಗಾತ್ರದಲ್ಲಿ ಮಾತ್ರ ವ್ಯತ್ಯಾಸ. ಈ ಕೆಲಸಕ್ಕಾಗಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಅವರಿಗೆ 1960ರಲ್ಲಿ ಡಾಕ್ಟರೇಟ್ ಪದವಿ ನೀಡಿತು.

ಅದೇ ವರ್ಷ ಇನ್ನೂ ಗಟ್ಟಿಯಾದ ಸಾಕ್ಷಿ ದೊರೆಯಿತು. ಮರಳಿನಲ್ಲಿ ಮುಖ್ಯವಾಗಿ ಇರುವುದು ಕ್ವಾರ್ಟ್ಜ್, ಅಂದರೆ ನಮ್ಮ ಬೆಣಚುಕಲ್ಲಿನ ಖನಿಜ. ಅದನ್ನು ವಾಯುಮಂಡಲದ ಒತ್ತಡದ 20,000 ಪಟ್ಟು ಮೀರಿ ಒತ್ತಿದರೆ ಅದರ ಅಣುಗಳು ಬೇರೆ ರೀತಿಯಲ್ಲಿ ಒತ್ತೊತ್ತಾಗಿ ಜೋಡಣೆಗೊಂಡು ಕೋಸೈಟ್ ಎಂಬ ಖನಿಜವಾಗುತ್ತದೆ. 1953ರಲ್ಲಿ ಇದನ್ನು ಮೊದಲ ಬಾರಿಗೆ ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ನಿಸರ್ಗದಲ್ಲಿ ಯಾರೂ ಕಂಡಿರಲಿಲ್ಲ. ಬ್ಯಾರಿಂಜರ್ ಕುಳಿಯ ಜಜ್ಜಿದ ಮರಳುಗಲ್ಲಿನಲ್ಲಿ ಅದು ಇರುವುದನ್ನು ಎಡ್ವರ್ಡ್ ಚಾವ್, ಶೂಮೇಕರ್ ಮತ್ತು ಸಂಗಡಿಗರು ತೋರಿಸಿದರು. ನೆಲದ ಮೇಲ್ಮೈಯಲ್ಲಿ ಸಿಡಿಯುವ ಯಾವ ಜ್ವಾಲಾಮುಖಿಯೂ ಅಷ್ಟು ಒತ್ತಡ ಕೊಡಲಾರದು. ಬಡಿದದ್ದು ಆಕಾಶದ ಕಲ್ಲೇ ಎನ್ನಲು ಇನ್ನು ಸಂಶಯ ಉಳಿಯಲಿಲ್ಲ. ಸುಮಾರು 50,000 ವರ್ಷಗಳ ಹಿಂದೆ, ಸುಮಾರು 50 ಮೀಟರ್ ಗಾತ್ರದ ಒಂದು ಕಬ್ಬಿಣದ ಉಂಡೆ ಅದರ ಇಪ್ಪತ್ತು ಪಟ್ಟಿಗೂ ಮೀರಿದ ಅಗಲದ ಕುಳಿಯನ್ನು ಮಾಡಿ ತಾನು ಚೂರುಚೂರಾಗಿ, ಕರಗಿ, ಆವಿಯಾಗಿ ಚೆದುರಿಹೋಗಿತ್ತು. ಗಿಲ್ಬರ್ಟ್ ಅವರ ಮುಳ್ಳು ಹೊರಳದಿದ್ದದ್ದೂ, ಬ್ಯಾರಿಂಜರ್ ಅವರಿಗೆ ಕಬ್ಬಿಣ ಸಿಗದಿದ್ದದ್ದೂ ಇದಕ್ಕೇ.

ಆ ವರ್ಷವೇ ಯುರೋಪಿಗೆ ಹೋದಾಗ ಶೂಮೇಕರ್ ದಂಪತಿ ಜರ್ಮನಿಯ ರೀಸ್ ಎಂಬ ದುಂಡನೆಯ ತಗ್ಗು ಪ್ರದೇಶಕ್ಕೆ ಭೇಟಿ ಕೊಟ್ಟರು. ಅದರ ಅಗಲ ಸುಮಾರು 24 ಕಿ.ಮೀ. ಒಳಗೆ ನರ್ಡ್‌ಲಿಂಗೆನ್ ಎಂಬ ಇಡೀ ಪಟ್ಟಣವೇ ಇದೆ. ಅದನ್ನು ಹಳೆಯ ಜ್ವಾಲಾಮುಖಿ ಎಂದು ಬಹುಮಂದಿ ನಂಬಿದ್ದರು. ಅಲ್ಲಿಯ ಕಲ್ಲುಗಣಿಯಿಂದ ತಂದ ಕಲ್ಲಿನಲ್ಲೂ ಕೋಸೈಟ್ ಸಿಕ್ಕಿತು. ಪಟ್ಟಣದ ಹಳೆಯ ಚರ್ಚನ್ನು ಕಟ್ಟಿದ್ದೂ ಅದೇ ಕಲ್ಲಿನಿಂದ. ನೂರಾರು ವರ್ಷ ಜನ ತಲೆಯೆತ್ತಿ ನೋಡಿದ್ದ ಗೋಡೆಯಲ್ಲೇ ಉತ್ತರ ಇತ್ತು.

ಇಲ್ಲಿಂದ ಚಂದ್ರನ ಕಡೆಗೆ ತಿರುಗುವುದು ಸುಲಭವಾಯಿತು. ಕುಳಿಯಾಗುವ ಬಗೆ ಹೀಗಿದೆ. ಕಲ್ಲು ತಾಗಿದ ಕ್ಷಣ ಆಘಾತದ ಅಲೆ ನೆಲದೊಳಕ್ಕೂ ಕಲ್ಲಿನೊಳಕ್ಕೂ ಓಡುತ್ತದೆ. ಅದರ ಹಿಂದೆಯೇ ನೆಲ ಬಟ್ಟಲಿನಂತೆ ತೆರೆದುಕೊಳ್ಳುತ್ತದೆ, ಕಲ್ಲುಮಣ್ಣು ಛತ್ರಿಯಂತೆ ಹೊರಕ್ಕೆ ಎರಚುತ್ತದೆ. ಅಂಚು ಮೇಲೆದ್ದು ಮಗುಚುತ್ತದೆ. ಬ್ಯಾರಿಂಜರ್ ಕುಳಿಯಷ್ಟು ಚಿಕ್ಕದಾದರೆ ಅದು ಬಟ್ಟಲಾಗಿಯೇ ಉಳಿಯುತ್ತದೆ. ದೊಡ್ಡದಾದರೆ ತನ್ನ ಭಾರಕ್ಕೆ ತಾನೇ ನಿಲ್ಲಲಾರದೆ ಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಕುಸಿಯುತ್ತವೆ, ಒತ್ತಿಹೋದ ತಳ ಮೇಲಕ್ಕೆ ಪುಟಿದು ನಟ್ಟನಡುವೆ ಒಂದು ಬೆಟ್ಟ ಏಳುತ್ತದೆ. ಚಂದ್ರನಲ್ಲಿ ಸುಮಾರು 15ರಿಂದ 20 ಕಿ.ಮೀ. ಅಗಲ ಮೀರಿದ ಕುಳಿಗಳಲ್ಲಿ ಇದು ಕಾಣುತ್ತದೆ. ಗುರುತ್ವ ಹೆಚ್ಚಿರುವ ಭೂಮಿಯಲ್ಲಿ 2ರಿಂದ 4 ಕಿ.ಮೀ. ಅಗಲಕ್ಕೇ ಇದು ಶುರುವಾಗುತ್ತದೆ. ಚಂದ್ರನ ದಕ್ಷಿಣ ಭಾಗದ ಟೈಕೊ ಕುಳಿ 85 ಕಿ.ಮೀ. ಅಗಲ. ಅದರ ನಡುವೆ ಬೆಟ್ಟವಿದೆ. ಅದರಿಂದ ಎರಚಿದ ಬಿಳಿ ಗೆರೆಗಳು ಹುಣ್ಣಿಮೆಯ ದಿನ ಸಣ್ಣ ದುರ್ಬೀನಿನಲ್ಲೂ ಕಾಣುತ್ತವೆ. ಬುಧ ಗ್ರಹದ ಕ್ಯಾಲೊರಿಸ್ ಎಂಬ ಕುಳಿಯಂತೂ ಸುಮಾರು 1,500 ಕಿ.ಮೀ. ಅಗಲವಿದೆ.

ಒಂದು ಕುಳಿಯಿಂದ ಎರಚಿದ ಮಣ್ಣು ಇನ್ನೊಂದರ ಮೇಲೆ ಬಿದ್ದಿದ್ದರೆ ಮೊದಲನೆಯದೇ ಹೊಸತು. ಕುಳಿಗಳು ಹೆಚ್ಚಾಗಿರುವ ನೆಲ ಹಳೆಯದು, ಕಡಿಮೆಯಿರುವ ನೆಲ ಹೊಸತು. ಈ ಸರಳ ಸೂತ್ರವನ್ನು ಹಿಡಿದು ಶೂಮೇಕರ್ ಚಂದ್ರನ ಕೋಪರ್ನಿಕಸ್ ಕುಳಿಯ ಸುತ್ತಲಿನ ಪ್ರದೇಶಕ್ಕೆ ಪದರಗಳ ನಕ್ಷೆ ಬರೆದರು. ಭೂಮಿಗೂ ಇಷ್ಟೇ ಏಟು ಬಿದ್ದಿದೆ. ಆದರೆ ಇಲ್ಲಿ ಮಳೆ, ಗಾಳಿ, ಹೊಳೆ ಸೇರಿ ಗುರುತನ್ನು ಅಳಿಸಿಬಿಟ್ಟಿವೆ. ಚಂದ್ರನಲ್ಲಿ ಅಳಿಸುವವರಿಲ್ಲ. 1961ರಲ್ಲಿ ಸರ್ವೇಕ್ಷಣ ಸಂಸ್ಥೆಯಲ್ಲಿ ಬೇರೆ ಗ್ರಹಗಳ ಭೂವಿಜ್ಞಾನಕ್ಕೆಂದೇ ಒಂದು ವಿಭಾಗ ಅವರ ಮುಂದಾಳುತನದಲ್ಲಿ ಆರಂಭವಾಯಿತು. ಮುಂದೆ ಅದು ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಊರಿನಲ್ಲಿ ನೆಲೆಯಾಯಿತು.

ಇಷ್ಟು ಹೊತ್ತಿಗೆ ಅಮೆರಿಕ ಚಂದ್ರನಿಗೆ ಮನುಷ್ಯನನ್ನು ಕಳಿಸುವುದಾಗಿ ಸಾರಿತ್ತು. ಹದಿನೈದು ವರ್ಷ ಒಳಗೇ ಇಟ್ಟುಕೊಂಡಿದ್ದ ಕನಸು ಕೈಗೆಟಕುವಂತಿತ್ತು. ಆಗಲೇ, 1963ರಲ್ಲಿ, ಅವರಿಗೆ ಅಡಿಸನ್ ಕಾಯಿಲೆ ಇರುವುದು ಪತ್ತೆಯಾಯಿತು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸೋಲುವ ಕಾಯಿಲೆ ಅದು. ಔಷಧಿ ತೆಗೆದುಕೊಂಡು ಬದುಕಬಹುದು, ಆದರೆ ಗಗನಯಾತ್ರಿಯಾಗುವಂತಿಲ್ಲ. ಅವರಿಗೆ ಆಗ 35 ವರ್ಷ.

ಈ ಜೀವನದಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಇದರ ನಂತರದ ಭಾಗ. ತಾನು ಹೋಗಲಾಗದ ಊರಿಗೆ ಬೇರೆಯವರನ್ನು ಸಿದ್ಧಮಾಡಿ ಕಳಿಸುವ ಕೆಲಸಕ್ಕೆ ಅವರು ನಿಂತರು. ಗಗನಯಾತ್ರಿಗಳಾಗುವ ಮೊದಲ ವಿಜ್ಞಾನಿಗಳನ್ನು ಆರಿಸುವ ಸಮಿತಿಗೆ ಅವರೇ ಅಧ್ಯಕ್ಷರು. ತನಗೆ ದಕ್ಕದಿದ್ದ ಜಾಗಕ್ಕೆ ಅರ್ಜಿ ಹಾಕಿದವರ ಕಾಗದಗಳನ್ನು ಅವರು ಓದಿ ಆರಿಸಬೇಕಿತ್ತು. ರೇಂಜರ್ ಮತ್ತು ಸರ್ವೇಯರ್ ನೌಕೆಗಳು ಕಳಿಸಿದ ಚಂದ್ರನ ಚಿತ್ರಗಳನ್ನು ಅವರು ಅಭ್ಯಾಸ ಮಾಡಿದರು. ಯುದ್ಧವಿಮಾನ ಹಾರಿಸಿ ರೂಢಿಯಿದ್ದ ಗಗನಯಾತ್ರಿಗಳನ್ನು ಬ್ಯಾರಿಂಜರ್ ಕುಳಿಗೆ ಕರೆದೊಯ್ದು ಕಲ್ಲು ನೋಡುವುದನ್ನು ಕಲಿಸಿದರು. ಫ್ಲ್ಯಾಗ್‌ಸ್ಟಾಫ್ ಬಳಿಯ ಬೂದಿಬಯಲಿನಲ್ಲಿ ಸಿಡಿಮದ್ದಿಟ್ಟು ಚಂದ್ರನ ನೆಲದಂತೆಯೇ ಕುಳಿಗಳ ಬಯಲೊಂದನ್ನು ಅವರ ವಿಭಾಗ ತರಬೇತಿಗಾಗಿ ನಿರ್ಮಿಸಿತು. 1969ರ ಜುಲೈಯಲ್ಲಿ ಅಪೊಲೊ 11 ಇಳಿದಾಗ, ಅಲ್ಲಿನ ಭೂವಿಜ್ಞಾನ ಕಾರ್ಯದ ಮುಖ್ಯಸ್ಥರಾಗಿ ಅವರು ಭೂಮಿಯಲ್ಲೇ ಕುಳಿತು ನೋಡಿದರು. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಅವರ ಜೊತೆ ದುಡಿದಿದ್ದ ಹ್ಯಾರಿಸನ್ ಶ್ಮಿಟ್ 1972ರ ಡಿಸೆಂಬರಿನಲ್ಲಿ, ಅಪೊಲೊ 17ರಲ್ಲಿ, ಚಂದ್ರನ ಮೇಲೆ ನಡೆದ ಮೊದಲ ಭೂವಿಜ್ಞಾನಿಯಾದರು. ಶಿಷ್ಯ ಗೆದ್ದರೆ ಗುರು ಗೆದ್ದಂತೆ ಎಂದು ನಾವು ಮೇಷ್ಟ್ರುಗಳು ಹೇಳುತ್ತಿರುತ್ತೇವೆ. ಹೇಳುವುದು ಸುಲಭ.

ಚಂದ್ರನಿಂದ ತಂದ ಕಲ್ಲುಗಳಲ್ಲಿ ಹಲವು ಜಜ್ಜಿ, ಪುಡಿಯಾಗಿ, ಮತ್ತೆ ಬೆಸೆದುಕೊಂಡ ಕಲ್ಲುಗಳು. ಹೊಡೆತದ ಗುರುತು ಅವುಗಳ ಒಳಗೇ ಇತ್ತು. ಹಾಗೆಂದು ಜ್ವಾಲಾಮುಖಿಗೆ ಚಂದ್ರನಲ್ಲಿ ಪಾಲೇ ಇಲ್ಲ ಎನ್ನಬಾರದು. ನಾವು ಮೊಲ ಎಂದು ಮಕ್ಕಳಿಗೆ ತೋರಿಸುವ ಕಪ್ಪು ಭಾಗ ಹಳೆಯ ದೊಡ್ಡ ಕುಳಿಗಳಲ್ಲಿ ಲಾವಾ ತುಂಬಿ ಹೆಪ್ಪುಗಟ್ಟಿದ ಬಸಾಲ್ಟ್ ಕಲ್ಲು. ನಮ್ಮ ವಿಜಯಪುರ ಸೀಮೆಯ ಕರಿಕಲ್ಲು ಕೂಡ ಬಸಾಲ್ಟೇ. ನಮ್ಮ ಶಾಲೆಯ ಗೋಡೆ ಕಟ್ಟಿದ್ದು ಅದರಿಂದಲೇ. ಇದೇ ದಖ್ಖನ್ ಕರಿಕಲ್ಲಿನ ನೆಲದಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಎಂಬಲ್ಲಿ ಸುಮಾರು 1.8 ಕಿ.ಮೀ. ಅಗಲದ ಉಲ್ಕಾಕುಳಿಯಿದೆ. ಚಂದ್ರನ ಕುಳಿಗಳನ್ನು ಅರಿಯಲು ಅದು ಬಹಳ ಉಪಯುಕ್ತ ಎಂದು ವಿಜ್ಞಾನಿಗಳು ಅಲ್ಲಿಗೆ ಬರುತ್ತಾರೆ. ಕೂಡುವಷ್ಟು ಹಣ ಕೂಡಿಸಿ ಶಾಲಾ ಪ್ರವಾಸ ಹೋಗಬಹುದಾದ ಜಾಗ ಅದು.

ಕುಳಿಗಳನ್ನು ಓದಿದ ಮೇಲೆ ಶೂಮೇಕರ್ ಅವರಿಗೆ ಬಡಿಯುವ ಕಲ್ಲುಗಳನ್ನೇ ಎಣಿಸಬೇಕೆನಿಸಿತು. 1973ರಿಂದ ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದಲ್ಲಿ ಭೂಮಿಯ ದಾರಿಗೆ ಅಡ್ಡ ಬರುವ ಕ್ಷುದ್ರಗ್ರಹಗಳ ಹುಡುಕಾಟ ಶುರುವಾಯಿತು. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ, ತಮ್ಮ 51ನೆಯ ವಯಸ್ಸಿನಲ್ಲಿ, ಕ್ಯಾರೊಲಿನ್ ಅವರೂ ಈ ಕೆಲಸಕ್ಕೆ ಬಂದರು. ಫಿಲ್ಮುಗಳನ್ನು ಜೋಡಿಯಾಗಿಟ್ಟು ಗಂಟೆಗಟ್ಟಲೆ ನೋಡಿ 32 ಧೂಮಕೇತುಗಳನ್ನು ಕಂಡುಹಿಡಿದರು.

1993ರ ಮಾರ್ಚಿಯಲ್ಲಿ ಒಂದು ರಾತ್ರಿ ಮೋಡ ಕವಿಯುತ್ತಿತ್ತು. ಒಳ್ಳೆಯ ಫಿಲ್ಮು ದುಬಾರಿ. ಬೆಳಕು ತಾಗಿ ಸ್ವಲ್ಪ ಕೆಟ್ಟಿದ್ದ ಫಿಲ್ಮುಗಳಿದ್ದವು, ಅವನ್ನಾದರೂ ಬಳಸೋಣ ಎಂದು ಜೊತೆಗಾರ ಡೇವಿಡ್ ಲೆವಿ ಸೂಚಿಸಿದರು. ಆ ಕೆಟ್ಟ ಫಿಲ್ಮಿನಲ್ಲೇ ಜಜ್ಜಿದಂತೆ ಕಾಣುವ ಒಂದು ಧೂಮಕೇತು ಕ್ಯಾರೊಲಿನ್ ಅವರ ಕಣ್ಣಿಗೆ ಬಿತ್ತು. ಗುರುಗ್ರಹದ ಸೆಳೆತಕ್ಕೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ತುಂಡಾಗಿ ಮಣಿಸರದಂತೆ ಸಾಗುತ್ತಿದ್ದ ಧೂಮಕೇತು ಅದು. ಶೂಮೇಕರ್-ಲೆವಿ 9 ಎಂದು ಅದಕ್ಕೆ ಹೆಸರಾಯಿತು. 1994ರ ಜುಲೈ 16ರಿಂದ 22ರವರೆಗೆ ಆ ತುಂಡುಗಳು ಒಂದಾದ ಮೇಲೊಂದರಂತೆ ಗುರುಗ್ರಹಕ್ಕೆ ಬಡಿದವು. ಗುರು ಅನಿಲದ ಗ್ರಹ, ಅಲ್ಲಿ ಕುಳಿಯಾಗದು. ಆದರೆ ಅದರ ಮೋಡಗಳ ಮೇಲೆ ಭೂಮಿಗಿಂತ ದೊಡ್ಡ ಕಪ್ಪು ಕಲೆಗಳಾದವು. ಆಕಾಶದಿಂದ ಬಡಿಯುವುದು ಹಳೆಯ ಕಾಲಕ್ಕೆ ಮುಗಿದ ಕಥೆಯಲ್ಲ ಎಂದು ಜಗತ್ತೇ ಕಣ್ಣಾರೆ ಕಂಡಿತು.

ಆ ಸುದ್ದಿಯನ್ನು ನಾನು ಮೊದಲು ಕೇಳಿದ್ದು ರೇಡಿಯೊದಲ್ಲಿ. ಆಮೇಲೆ ಪತ್ರಿಕೆಗಳಲ್ಲಿ ಓದಿದೆ, ಗ್ರಂಥಾಲಯದಲ್ಲಿ ಸಿಕ್ಕ ಪುಸ್ತಕಗಳನ್ನು ತಿರುವಿದೆ. ಮೇಜಿನ ಮುಂದೆ ತಲೆ ತಗ್ಗಿಸಿ ನಿಂತಿದ್ದ ಹುಡುಗಿ ನೆನಪಾದಳು. ಅವಳು ಶಾಲೆ ಬಿಟ್ಟು ವರ್ಷಗಳಾಗಿದ್ದವು. ಮರುವಾರ ಎಂಟನೆಯ ತರಗತಿಗೆ ಹೋಗಿ, ನಾನು ಇಷ್ಟು ವರ್ಷ ತಪ್ಪು ಕಲಿಸಿದ್ದೇನೆ ಎಂದು ಹೇಳಿದೆ. ಪರಾತದಲ್ಲಿ ಹಿಟ್ಟು ಹರಡಿ, ಮೇಲೆ ಕುಂಕುಮ ಉದುರಿಸಿ, ಮಕ್ಕಳ ಕೈಯಲ್ಲಿ ಗೋಲಿ ಕೊಟ್ಟು ಬೀಳಿಸಲು ಹೇಳಿದೆ. ಕೆಂಪಿನ ಮೇಲೆ ಬಿಳಿ ಗೆರೆಗಳು ಚಿಮ್ಮಿದವು, ಟೈಕೊ ಕುಳಿಯಂತೆ. ಓರೆಯಾಗಿ ಎಸೆದ ಗೋಲಿ ಉದ್ದ ಗೆರೆ ಎಳೆಯಿತು. ದೀಪಾವಳಿಯಲ್ಲಿ ಮಕ್ಕಳನ್ನು ದೂರ ನಿಲ್ಲಿಸಿ, ಆಟದ ಬಯಲಿನ ಮರಳಲ್ಲಿ ಲಕ್ಷ್ಮೀ ಪಟಾಕಿಯೊಂದನ್ನು ಓರೆಯಾಗಿ ಹೂತು ನಾನೇ ಹಚ್ಚಿದೆ. ತಗ್ಗು ದುಂಡಗಾಗಿತ್ತು. ನಿವೃತ್ತಿಯಾಗುವವರೆಗೆ ಈ ಪಾಠವನ್ನು ತಪ್ಪಿಸಲಿಲ್ಲ. ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಆ ಕುಂಕುಮದ ಪರಾತ ನೆನಪಿರಬಹುದು.

ಶೂಮೇಕರ್ ದಂಪತಿ ಆಸ್ಟ್ರೇಲಿಯಾದ ಹಳೆಯ ಕುಳಿಗಳನ್ನು ಹುಡುಕಿಕೊಂಡು ಪ್ರತಿವರ್ಷ ಹೋಗುತ್ತಿದ್ದರು. 1997ರ ಜುಲೈ 18ರಂದು ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ವಾಯವ್ಯಕ್ಕಿರುವ ಒಂದು ಮಣ್ಣಿನ ರಸ್ತೆಯಲ್ಲಿ ಅವರ ಗಾಡಿಗೆ ಎದುರಿನಿಂದ ಬಂದ ಗಾಡಿ ಡಿಕ್ಕಿ ಹೊಡೆಯಿತು. ಶೂಮೇಕರ್ ಅಲ್ಲೇ ತೀರಿಕೊಂಡರು. ಕ್ಯಾರೊಲಿನ್ ಗಾಯಗೊಂಡು ಉಳಿದರು. ಕುಳಿಗಳನ್ನು ಹುಡುಕುತ್ತ ಬದುಕಿದವರು ಹಾಗೆಯೇ ದಾರಿಯಲ್ಲಿ ಹೋದರು.

ಅವರ ಹಳೆಯ ವಿದ್ಯಾರ್ಥಿನಿಯಾಗಿದ್ದ ವಿಜ್ಞಾನಿ ಕ್ಯಾರೊಲಿನ್ ಪೋರ್ಕೊ ಒಂದು ಮಾತು ಮುಂದಿಟ್ಟರು. ಚಂದ್ರನಿಗೆ ಹೊರಡಲಿದ್ದ ಲೂನಾರ್ ಪ್ರಾಸ್ಪೆಕ್ಟರ್ ನೌಕೆಯಲ್ಲಿ ಗುರುಗಳ ಚಿತಾಭಸ್ಮದ ಒಂದು ಚಿಟಿಕೆಯನ್ನು ಕಳಿಸೋಣ ಎಂದು. ನಾಸಾ ಒಪ್ಪಿತು. ಒಂದು ಪುಟ್ಟ ಭರಣಿಗೆ ಹಿತ್ತಾಳೆಯ ತೆಳುಹಾಳೆ ಸುತ್ತಿ, ಅದರ ಮೇಲೆ ಧೂಮಕೇತುವಿನ ಮತ್ತು ಬ್ಯಾರಿಂಜರ್ ಕುಳಿಯ ಚಿತ್ರ ಕೊರೆದಿದ್ದರು. 1998ರ ಜನವರಿಯಲ್ಲಿ ನೌಕೆ ಹೊರಟಿತು. 1999ರ ಜುಲೈ 31ರಂದು, ಕೆಲಸ ಮುಗಿದ ಮೇಲೆ, ಅದನ್ನು ಚಂದ್ರನ ದಕ್ಷಿಣ ಧ್ರುವದ ಬಳಿಯ ಒಂದು ಕುಳಿಗೆ ಬೇಕೆಂದೇ ಬಡಿಸಿದರು. ಸುಮಾರು 51 ಕಿ.ಮೀ. ಅಗಲದ ಆ ಕುಳಿಗೆ ಈಗ ಶೂಮೇಕರ್ ಎಂದೇ ಹೆಸರು. ಗಗನಯಾತ್ರಿಯಾಗಿ ಹೋಗಲಾಗದವರು ಕೊನೆಗೆ ಹೋದದ್ದು ಹೀಗೆ. ಮತ್ತು ಹೋದಾಗಲೂ ಚಂದ್ರನ ಮೇಲೆ ಒಂದು ಹೊಸ ಪುಟ್ಟ ತಗ್ಗನ್ನು ಮಾಡಿಯೇ ಇಳಿದರು.

2023ರ ಆಗಸ್ಟ್ 23ರ ಸಂಜೆ ನಮ್ಮ ಚಂದ್ರಯಾನ-3 ಚಂದ್ರನ ದಕ್ಷಿಣ ಭಾಗದಲ್ಲಿ ಇಳಿಯುವುದನ್ನು ನಾನು ಮೊಮ್ಮಕ್ಕಳ ಜೊತೆ ಟಿ.ವಿ.ಯಲ್ಲಿ ನೋಡಿದೆ. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು ಕೊನೆಯ ಕ್ಷಣದವರೆಗೂ ಕಾಯುತ್ತಿದ್ದದ್ದು ಕುಳಿಗಳಿಲ್ಲದ ಸಮತಟ್ಟು ಜಾಗಕ್ಕಾಗಿ. ಕೆಳಗಿನಿಂದ ಏರಿ ಬರುತ್ತಿದ್ದ ಆ ನೆಲದ ತುಂಬ ದುಂಡನೆಯ ಕುಳಿಗಳೇ ಇದ್ದವು.

ಆ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ. ಈಗ ಅವಳಿಗೂ ಐವತ್ತು ಸಮೀಪಿಸಿರಬೇಕು. ಮಹೋತ್ಸವಕ್ಕೆ ಬರುವಳೋ ಇಲ್ಲವೋ, ಈ ಸಂಚಿಕೆ ಅವಳ ಕೈ ಸೇರುವುದೋ ಇಲ್ಲವೋ ತಿಳಿಯದು. ಸೇರಿದರೆ ಅವಳು ತಿಳಿಯಬೇಕಾದದ್ದು ಇಷ್ಟೇ. ತಾಯಿ, ನಿನ್ನ ಉತ್ತರ ಸರಿಯಾಗಿತ್ತು. ನನ್ನ ಪ್ರಶ್ನೆಗೆ ಉತ್ತರ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ, ಇಬ್ಬರೂ ಕೂಡಿ ಹುಡುಕಬಹುದಿತ್ತು. ಅಂದು ಕೊಡದ ಆ ಒಂದು ಅಂಕವನ್ನು ಇಂದು ಕೊಟ್ಟಿದ್ದೇನೆ.